ಹಿಟ್ಟೂ ಹಾಡೂ ಒಂದೇ ಕಲ್ಲಿನಲ್ಲಿ

ಕಳೆದ ವರ್ಷ ದೀಪಾವಳಿಗೆ ಮುಂಚೆ ನಾವು ಪುಣೆಯ ಹಳೆಯ ಫ್ಲಾಟ್ ಬಿಟ್ಟು ಮಗ ಕೊಂಡ ಹೊಸ ಮನೆಗೆ ಬಂದೆವು. ಸಾಮಾನು ಸಾಗಿಸಲು ಬಂದಿದ್ದ ಹುಡುಗರು ಬಾಲ್ಕನಿಯ ಮೂಲೆಯಲ್ಲಿದ್ದ ಬೀಸುವ ಕಲ್ಲನ್ನು ಕಂಡು, "ಕಾಕಾ, ಹೇ ಪಣ?" ಎಂದು ಮರಾಠಿಯಲ್ಲಿ ಕೇಳಿದರು. ಇದೂ ಬರಬೇಕಾ ಎಂದು. ಮಗನ ಮುಖದಲ್ಲೂ ಅದೇ ಪ್ರಶ್ನೆ ಇತ್ತು. ಇಪ್ಪತ್ತೈದು ವರ್ಷಗಳಿಂದ ಅದರಲ್ಲಿ ಒಂದು ಹಿಡಿ ಜೋಳವನ್ನೂ ಯಾರೂ ಬೀಸಿಲ್ಲ. ಆದರೂ "ಬರಬೇಕು" ಎಂದೆ. ಅದು ನನ್ನ ಅವ್ವನ ಕಲ್ಲು.

ನಮ್ಮೂರು ಬಳ್ಳಾರಿಯ ಹತ್ತಿರದ ಒಂದು ಹಳ್ಳಿ. ಅವ್ವ ನಸುಕಿನಲ್ಲೇ ಎದ್ದು ಬೀಸಲು ಕೂರುತ್ತಿದ್ದಳು. ನಾನು ನಿದ್ದೆಗಣ್ಣಲ್ಲೇ ಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಕೆಳಗೆ ಕಲ್ಲಿನ ಗುರ್ ಎನ್ನುವ ಸದ್ದು, ಮೇಲೆ ಅವ್ವನ ಬೀಸುವ ಪದ. ಆ ದನಿ ಕಿವಿಗಿಂತ ಹೆಚ್ಚಾಗಿ ಕೆನ್ನೆಗೆ ಕೇಳಿಸುತ್ತಿತ್ತು, ತೊಡೆಯ ಅದುರಿನಲ್ಲಿ.

ಪುಣೆಯಲ್ಲಿ ಕೆಲಸಕ್ಕೆ ಸೇರಿ ಮೊದಲ ಬೋನಸ್ ಬಂದಾಗ ಒಂದು ಟೇಪ್ ರೆಕಾರ್ಡರ್ ಕೊಂಡು ಊರಿಗೆ ಹೋಗಿದ್ದೆ. ಅವ್ವ ಅದನ್ನು ನೋಡಿ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಅಂದಳು. ಎಲ್ಲರೂ ನಕ್ಕೆವು. ಆ ರಜೆಯಿಡೀ ಅದರಲ್ಲಿ ಸಿನಿಮಾ ಹಾಡು ಕೇಳಿದೆವು. ರೆಕಾರ್ಡ್ ಗುಂಡಿಯೂ ಇತ್ತು, ಖಾಲಿ ಕ್ಯಾಸೆಟ್ಟೂ ಇತ್ತು, ಮಾರು ದೂರದಲ್ಲಿ ಅವ್ವ ಹಾಡುತ್ತ ಬೀಸುತ್ತಲೂ ಇದ್ದಳು. ಗುಂಡಿ ಒತ್ತಬೇಕೆಂದು ನನಗೆ ಹೊಳೆಯಲೇ ಇಲ್ಲ. ಇಂದು ನನ್ನ ಹತ್ತಿರ ಕಲ್ಲು ಇದೆ, ಹಾಡಿಲ್ಲ.

ಆ ಗಾದೆ ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ಮೊದಲು ಹಿಟ್ಟು, ಆಮೇಲೆ ಹೂವು. ಮನುಷ್ಯನ ಕಥೆಯೂ ಹಾಗೆಯೇ ಎಂದು ಬಹಳ ಕಾಲ ನಂಬಿದ್ದೆ. ಮೊದಲು ಬೇಟೆ, ಬೆಂಕಿ, ಬೇಸಾಯ. ಹೊಟ್ಟೆ ತುಂಬಿ ಬಿಡುವಾದ ಮೇಲೆ ಹಾಡು, ಚಿತ್ರ, ಕುಣಿತ. ನಿವೃತ್ತಿಯ ನಂತರ ಆದಿಮಾನವರ ಕಲೆಯ ಬಗ್ಗೆ ಓದುತ್ತ ಹೋದಂತೆ ಆ ನಂಬಿಕೆ ಒಂದೊಂದೇ ಕಡೆ ಸಡಿಲವಾಯಿತು. ಹಾಗೆ ಸಡಿಲಿಸಿದ ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ.

ನಂಬದ ಪಂಡಿತರು

ಈ ಗಾದೆಯನ್ನು ನಂಬಿದವನು ನಾನೊಬ್ಬನೇ ಅಲ್ಲ. 1879ರಲ್ಲಿ ಉತ್ತರ ಸ್ಪೇನಿನ ಆಲ್ತಮಿರಾ ಗುಹೆಯಲ್ಲಿ ಮಾರ್ಸೆಲಿನೊ ಸಾನ್ಸ್ ದೆ ಸೌತುವೊಲಾ ಎಂಬ ಜಮೀನುದಾರರು ನೆಲ ಅಗೆದು ಹಳೆಯ ಕಲ್ಲಿನ ಹತಾರಗಳನ್ನು ಹುಡುಕುತ್ತಿದ್ದರು. ಜೊತೆಗಿದ್ದ ಎಂಟು ವರ್ಷದ ಮಗಳು ಮರಿಯಾ ತಲೆಯೆತ್ತಿ ಚಾವಣಿ ನೋಡಿದಳು. ಅಲ್ಲಿ ಕೆಂಪು, ಕಪ್ಪು ಬಣ್ಣದ ಕಾಡುಕೋಣಗಳ ಹಿಂಡೇ ಇತ್ತು. ತಂದೆ ಈ ಚಿತ್ರಗಳು ಶಿಲಾಯುಗದವು ಎಂದು ಬರೆದಾಗ ಯುರೋಪಿನ ಪಂಡಿತರು ಒಪ್ಪಲಿಲ್ಲ. ಗುಹೆಯಲ್ಲಿ ಬದುಕುತ್ತಿದ್ದ ಒರಟು ಜನರ ಕೈಯಲ್ಲಿ ಇಷ್ಟು ನಯವಾದ ಕೆಲಸ ಹೇಗೆ ಸಾಧ್ಯ ಎಂಬುದು ಅವರ ವಾದ. ಯಾರೋ ಈಚಿನವರಿಂದ ಬರೆಸಿದ್ದು ಎಂಬ ಆರೋಪವೂ ಬಂತು. ಹಿಟ್ಟಿಲ್ಲದವರಿಗೆ ಮಲ್ಲಿಗೆ ಎಲ್ಲಿಂದ ಎಂಬ ಮಾತೇ ಅದು. ಸೌತುವೊಲಾ 1888ರಲ್ಲಿ ತೀರಿಕೊಂಡರು. ವಿರೋಧಿಗಳಲ್ಲಿ ಮುಖ್ಯರಾಗಿದ್ದ ಫ್ರಾನ್ಸಿನ ಎಮಿಲ್ ಕಾರ್ತಯಾಕ್ ತಮ್ಮ ತಪ್ಪನ್ನು ಬರಹದಲ್ಲಿ ಒಪ್ಪಿಕೊಂಡದ್ದು 1902ರಲ್ಲಿ. ಆ ವೇಳೆಗೆ ಅಂಥದೇ ಚಿತ್ರಗಳು ಫ್ರಾನ್ಸಿನ ಗುಹೆಗಳಲ್ಲೂ ಸಿಕ್ಕಿದ್ದವು.

ಹಿಮಯುಗದ ಕೊಳಲು

ಸಂಗೀತದ ವಿಷಯ ಚಿತ್ರಕ್ಕಿಂತ ಕಷ್ಟ. ಬಣ್ಣ ಗೋಡೆಗೆ ಅಂಟಿಕೊಂಡು ಉಳಿಯುತ್ತದೆ, ದನಿ ಎಲ್ಲಿಗೂ ಅಂಟುವುದಿಲ್ಲ. ಕೊರಳು, ಚಪ್ಪಾಳೆ, ಚರ್ಮದ ವಾದ್ಯ, ಬಿದಿರಿನ ಕೊಳಲು, ಇವುಗಳಲ್ಲಿ ಯಾವುದೂ ಮಣ್ಣಿನಲ್ಲಿ ಸಾವಿರಾರು ವರ್ಷ ಉಳಿಯುವಂಥದ್ದಲ್ಲ. ಉಳಿಯುವುದು ಮೂಳೆ, ದಂತ ಮತ್ತು ಕಲ್ಲು. ಹಾಗಾಗಿ ಇಲ್ಲಿಯವರೆಗೆ ಸಿಕ್ಕಿರುವ ಅತಿ ಹಳೆಯ ವಾದ್ಯಗಳನ್ನು ಸಂಗೀತದ ಹುಟ್ಟು ಎಂದು ತಿಳಿಯಬಾರದು. ಅಷ್ಟು ಹೊತ್ತಿಗೆ ಸಂಗೀತ ಎಷ್ಟು ಬೆಳೆದಿತ್ತು ಎನ್ನುವುದಕ್ಕೆ ಅವು ಸಾಕ್ಷಿ, ಅಷ್ಟೆ.

ದಕ್ಷಿಣ ಜರ್ಮನಿಯ ಉಲ್ಮ್ ನಗರದ ಪಶ್ಚಿಮಕ್ಕೆ ಸ್ವಾಬಿಯನ್ ಯುರಾ ಎಂಬ ಸುಣ್ಣಕಲ್ಲಿನ ಗುಡ್ಡಸಾಲಿದೆ. ಅಲ್ಲಿನ ಹೋಲೆ ಫೆಲ್ಸ್ ಗುಹೆಯಲ್ಲಿ 2008ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ನಿಕೊಲಸ್ ಕೊನಾರ್ಡ್ ಅವರ ತಂಡಕ್ಕೆ ಹನ್ನೆರಡು ಚೂರು ಮೂಳೆ ಸಿಕ್ಕವು. ಜೋಡಿಸಿದಾಗ ಅದು ರಣಹದ್ದಿನ ರೆಕ್ಕೆಯ ಮೂಳೆಯಿಂದ ಮಾಡಿದ ಕೊಳಲು. ಉದ್ದ ಸುಮಾರು 21.8 ಸೆಂಟಿಮೀಟರ್, ದಪ್ಪ 8 ಮಿಲಿಮೀಟರ್, ಬೆರಳಿಡಲು ಐದು ತೂತು. ಊದುವ ತುದಿಯಲ್ಲಿ ಇಕ್ಕೆಲಗಳಲ್ಲಿ ಕಚ್ಚು ತೆಗೆದಿದ್ದಾರೆ. ವಯಸ್ಸು ಸುಮಾರು 40,000 ವರ್ಷ.

ನಾನು ಮೂವತ್ತೆರಡು ವರ್ಷ ಟೂಲ್ ರೂಮಿನಲ್ಲಿ ದುಡಿದವನು. ಆ ಕೊಳಲಿನ ಚಿತ್ರ ನೋಡಿದಾಗ ನನ್ನ ಕಣ್ಣು ಹೋದದ್ದು ತೂತುಗಳ ಪಕ್ಕದಲ್ಲಿದ್ದ ಸಣ್ಣ ಗೀರುಗಳ ಮೇಲೆ. ತೂತು ಎಲ್ಲಿ ಬರಬೇಕು ಎಂದು ಅಳತೆ ಮಾಡಿ ಹಾಕಿದ ಗುರುತುಗಳು ಇರಬಹುದು ಎಂದು ತಜ್ಞರು ಹೇಳುತ್ತಾರೆ. ನಾವು ಡ್ರಿಲ್ ಹಿಡಿಯುವ ಮೊದಲು ಸ್ಕ್ರೈಬರಿನಿಂದ ಗೀರು ಎಳೆಯುತ್ತಿದ್ದೆವಲ್ಲ, ಅದೇ ಕೆಲಸ. ಅಂದರೆ ಮಾಡಿದವನಿಗೆ, ಅಥವಾ ಮಾಡಿದವಳಿಗೆ, ಎಂಥ ದನಿ ಬೇಕೆಂದು ಮೊದಲೇ ಗೊತ್ತಿತ್ತು. ಅದು ಅವರ ಮೊದಲ ಕೊಳಲಾಗಿರಲು ಸಾಧ್ಯವಿಲ್ಲ.

ಹತ್ತಿರದ ಗೈಸೆನ್‌ಕ್ಲೋಸ್ಟರ್ಲೆ ಗುಹೆಯ ಕೊಳಲು ಇನ್ನೂ ಬೆರಗು ಹುಟ್ಟಿಸುತ್ತದೆ. ಅದು ಮ್ಯಾಮತ್ ಆನೆಯ ದಂತದ್ದು. ಹಕ್ಕಿಯ ಮೂಳೆ ತಾನಾಗಿಯೇ ಟೊಳ್ಳು, ದಂತ ಗಟ್ಟಿ. ಅದನ್ನು ಕೊಳಲು ಮಾಡಬೇಕೆಂದರೆ ಉದ್ದಕ್ಕೆ ಎರಡು ಹೋಳಾಗಿ ಸೀಳಬೇಕು, ಎರಡರ ಒಳಗನ್ನೂ ಕೆತ್ತಬೇಕು, ಮತ್ತೆ ಗಾಳಿ ಸೋರದಂತೆ ಜೋಡಿಸಿ ಅಂಟು ಹಾಕಿ ಕಟ್ಟಬೇಕು. ಜೋಡಣೆ ತಪ್ಪದಿರಲೆಂದು ಅಂಚಿನುದ್ದಕ್ಕೂ ಅಡ್ಡಗೀರು ಹಾಕಿದ್ದಾರೆ. ನಮ್ಮ ವರ್ಕ್‌ಶಾಪಿನಲ್ಲಿ ಈ ಕೆಲಸವನ್ನು ಹೊಸ ಹುಡುಗರ ಕೈಗೆ ಯಾರೂ ಕೊಡುತ್ತಿರಲಿಲ್ಲ. ಅವರ ಹತ್ತಿರ ಇದ್ದದ್ದು ಚಕ್ಕೆ ಕಲ್ಲಿನ ಚಾಕು ಮಾತ್ರ.

ಇದೇ ಸೀಮೆಯ ಹೋಲೆನ್‌ಸ್ಟೈನ್ ಸ್ಟಾಡೆಲ್ ಗುಹೆಯಲ್ಲಿ 1939ರ ಆಗಸ್ಟ್ ಕೊನೆಯಲ್ಲಿ ದಂತದ ಚೂರುಗಳು ಸಿಕ್ಕವು. ವಾರದೊಳಗೆ ಎರಡನೇ ಮಹಾಯುದ್ಧ ಶುರುವಾಗಿ ಅಗೆತ ನಿಂತಿತು. ಚೂರುಗಳು ಮೂವತ್ತು ವರ್ಷ ಪೆಟ್ಟಿಗೆಯಲ್ಲಿದ್ದವು. 1969ರಲ್ಲಿ ಯೋಆಖಿಂ ಹಾನ್ ಎಂಬ ವಿದ್ವಾಂಸರು ಜೋಡಿಸಿ ನೋಡಿದರೆ ಮನುಷ್ಯನ ಮೈ, ಸಿಂಹದ ತಲೆಯ 31 ಸೆಂಟಿಮೀಟರಿನ ಒಂದು ಮೂರ್ತಿ. ನಮಗೆ ಥಟ್ಟನೆ ನರಸಿಂಹ ನೆನಪಾಗುತ್ತಾನೆ, ಆದರೆ ನಡುವಿನ ಕಾಲದ ಅಂತರ ನೋಡಿದರೆ ನಂಟು ಹಚ್ಚುವುದು ಸರಿಯಲ್ಲ. ಕಲ್ಲಿನ ಹತಾರದಿಂದಲೇ ಅಂಥದೊಂದನ್ನು ಮಾಡಿ ನೋಡಿದವರಿಗೆ 400 ಗಂಟೆ ಹಿಡಿಯಿತಂತೆ. ದಿನಕ್ಕೆ ಎಂಟು ಗಂಟೆಯ ಪಾಳಿ ಎಂದರೆ ಐವತ್ತು ದಿನ. ಅಷ್ಟೂ ದಿನ ಆ ಕೆಲಸಗಾರ ಬೇಟೆಗೆ ಹೋಗುವಂತಿಲ್ಲ. ಹೊರಗೆ ಹಿಮಯುಗದ ಚಳಿ. ಉಳಿದವರು ತಮ್ಮ ಪಾಲಿನಿಂದ ಅವನಿಗೆ ಊಟ ಕೊಟ್ಟಿರಬೇಕು. ಹೊಟ್ಟೆಗೆ ಸಾಲದ ಕಾಲದಲ್ಲೂ ಜುಟ್ಟಿಗೆ ಮಲ್ಲಿಗೆ ಬೇಕು ಎಂದು ಆ ಗುಂಪಿಗೆ ಗುಂಪೇ ತೀರ್ಮಾನಿಸಿತ್ತು.

ಅರೆದ ಬಣ್ಣ, ಊದಿದ ಬಣ್ಣ

ಇನ್ನೂ ಹಿಂದಕ್ಕೆ ಹೋದರೆ ದಕ್ಷಿಣ ಆಫ್ರಿಕದ ಕಡಲ ದಂಡೆಯ ಬ್ಲಾಂಬೋಸ್ ಗುಹೆ ಸಿಗುತ್ತದೆ. 2008ರಲ್ಲಿ ಕ್ರಿಸ್ಟೊಫರ್ ಹೆನ್ಶಿಲ್‌ವುಡ್ ಅವರ ತಂಡಕ್ಕೆ ಅಲ್ಲಿ ಎರಡು ದೊಡ್ಡ ಕಡಲ ಚಿಪ್ಪುಗಳು ಸಿಕ್ಕವು. ಅವುಗಳೊಳಗೆ ಒಣಗಿದ ಕೆಂಪು ಬಣ್ಣ. ಕಾವಿಕಲ್ಲನ್ನು ಉಜ್ಜಿ ಪುಡಿ ಮಾಡಿ, ಮೂಳೆಯೊಳಗಿನ ಕೊಬ್ಬು, ಇದ್ದಿಲು ಬೆರೆಸಿ, ಚಿಪ್ಪಿನಲ್ಲೇ ಕಲಸಿದ್ದಾರೆ. ಪಕ್ಕದಲ್ಲೇ ಅರೆಯುವ ಕಲ್ಲುಗಳು. ವಯಸ್ಸು ಸುಮಾರು 1,00,000 ವರ್ಷ. ಧಾನ್ಯ ಬಿತ್ತಿ ಬೆಳೆಯುವುದು ಇನ್ನೂ ಎಂಬತ್ತು ತೊಂಬತ್ತು ಸಾವಿರ ವರ್ಷ ದೂರವಿತ್ತು. ಅರೆಯುವ ಕಲ್ಲು ಆಗಲೇ ಬಂದಿತ್ತು, ಬಣ್ಣ ಅರೆಯಲು.

ಅದೇ ಗುಹೆಯ ಸುಮಾರು 73,000 ವರ್ಷ ಹಿಂದಿನ ಪದರದಲ್ಲಿ ನಾಲ್ಕು ಸೆಂಟಿಮೀಟರಿನಷ್ಟು ಉದ್ದದ ಕಲ್ಲಿನ ಚಕ್ಕೆಯೊಂದು ಸಿಕ್ಕಿದೆ. ಅದರ ಮೇಲೆ ಕಾವಿಕಲ್ಲಿನ ತುಂಡಿನಿಂದ ಆರು ಗೆರೆ ಎಳೆದು, ಅಡ್ಡಲಾಗಿ ಮೂರು ಗೆರೆ ಹಾಕಿದ್ದಾರೆ. ಚಿತ್ರ ತೋರಿಸಿದಾಗ ನನ್ನ ಮೊಮ್ಮಗಳು, "ಅಜ್ಜಾ, ಹ್ಯಾಷ್‌ಟ್ಯಾಗ್!" ಎಂದಳು. ಏನೆಂದು ಹಾಕಿದರೋ, ಬೇಕೆಂದೇ ಹಾಕಿದ ಗುರುತು ಅದು.

ಇಂಡೊನೇಷ್ಯದ ಸುಲವೇಸಿ ದ್ವೀಪದ ಲಿಯಾಂಗ್ ಕರಂಪುವಾಂಗ್ ಗುಹೆಯಲ್ಲಿ ಒಂದು ಕಾಡುಹಂದಿ, ಅದರ ಸುತ್ತ ಮನುಷ್ಯರಂಥ ಮೂರು ಆಕೃತಿಗಳ ಚಿತ್ರವಿದೆ. ಅದಕ್ಕೆ ಕಡಿಮೆಯೆಂದರೂ 51,200 ವರ್ಷ ಎಂದು 2024ರಲ್ಲಿ ಲೆಕ್ಕ ಬಂತು. ಚಿತ್ರದ ಮೇಲೆ ಬೆಳೆದ ಸುಣ್ಣದ ಪದರದಲ್ಲಿರುವ ಯುರೇನಿಯಂ ಕಾಲಕ್ರಮದಲ್ಲಿ ಎಷ್ಟು ಥೋರಿಯಂ ಆಗಿದೆ ಎಂದು ಅಳೆದು ಈ ವಯಸ್ಸು ತಿಳಿಯುತ್ತಾರೆ. ಪದರ ಅಷ್ಟು ಹಳೆಯದಾದರೆ ಅದರಡಿಯ ಚಿತ್ರ ಅದಕ್ಕಿಂತ ಹಳೆಯದೇ. ಸುಲವೇಸಿಯಲ್ಲೂ ಯುರೋಪಿನಲ್ಲೂ ಗೋಡೆಗಳ ಮೇಲೆ ಅಂಗೈಯ ಅಚ್ಚುಗಳಿವೆ. ಗೋಡೆಗೆ ಕೈಯಿಟ್ಟು, ಅದರ ಸುತ್ತ ಬಣ್ಣ ಊದುವುದು. ಕೈ ತೆಗೆದರೆ ಅದರ ಆಕಾರ ಖಾಲಿಯಾಗಿ ಉಳಿಯುತ್ತದೆ. ಕೊಳಲಿಗೂ ಉಸಿರು ಬೇಕು, ಈ ಚಿತ್ರಕ್ಕೂ ಉಸಿರೇ ಬೇಕು.

ಫ್ರಾನ್ಸಿನ ರೂಫಿಞಾಕ್ ಗುಹೆಯ ಮೆತ್ತನೆಯ ಚಾವಣಿಯಲ್ಲಿ ಬೆರಳಿನಿಂದ ಎಳೆದ ಗೀರುಗಳಿವೆ. ಬೆರಳಗಲ ಅಳೆದು ನೋಡಿದಾಗ ಕೆಲವು ಗೀರುಗಳು ಐದು ವರ್ಷದ ಮಗುವಿನವು ಎಂದು ಗೊತ್ತಾಯಿತು. ಆ ಮಗುವಿಗೆ ಎಟುಕುವ ಎತ್ತರ ಅದಲ್ಲ. ದೊಡ್ಡವರೊಬ್ಬರು ಹೆಗಲ ಮೇಲೋ ಸೊಂಟದ ಮೇಲೋ ಎತ್ತಿಕೊಂಡು, ಆ ಕತ್ತಲಲ್ಲಿ ದೀಪ ಹಿಡಿದು, ಮಗುವಿನ ಕೈಯಲ್ಲಿ ಬರೆಸಿದ್ದಾರೆ.

ಬಣ್ಣವಿದ್ದಲ್ಲಿ ದನಿ

ಚಿತ್ರ ಬೇರೆ, ಸಂಗೀತ ಬೇರೆ ಎನ್ನುವುದು ನಮ್ಮ ಕಾಲದ ಲೆಕ್ಕ. ಒಂದಕ್ಕೆ ಗ್ಯಾಲರಿ, ಇನ್ನೊಂದಕ್ಕೆ ಸಭಾಂಗಣ. ಗುಹೆಗಳಲ್ಲಿ ಹಾಗಿದ್ದಂತೆ ಕಾಣುವುದಿಲ್ಲ.

1980ರ ದಶಕದಲ್ಲಿ ಈಗೋರ್ ರೆಜ್ನಿಕಾಫ್ ಮತ್ತು ಮಿಶೆಲ್ ದೊವ್ವಾ ಎಂಬಿಬ್ಬರು ಫ್ರಾನ್ಸಿನ ಪಿರನೀಸ್ ತಪ್ಪಲಿನ ಗುಹೆಗಳಲ್ಲಿ ದನಿ ತೆಗೆಯುತ್ತ ನಡೆದರು. ಎಲ್ಲಿ ದನಿ ತುಂಬಿ ಮೊಳಗುತ್ತದೆ, ಎಲ್ಲಿ ಸಪ್ಪಗಾಗುತ್ತದೆ ಎಂದು ಗುರುತು ಹಾಕಿಕೊಂಡರು. ಆಮೇಲೆ ಚಿತ್ರಗಳ ನಕ್ಷೆಯೊಡನೆ ಹೋಲಿಸಿದರೆ, ಚಿತ್ರಗಳು ದಟ್ಟವಾಗಿದ್ದದ್ದು ಬಹುಪಾಲು ದನಿ ಮೊಳಗುವ ಜಾಗಗಳಲ್ಲೇ. ನಮ್ಮ ಹಳೆಯ ಗುಡಿಗಳ ಗರ್ಭಗುಡಿಯ ಮುಂದೆ ನಿಂತು ಒಂದು ಶ್ರುತಿ ಹಿಡಿದವರಿಗೆ ಇದು ಹೊಸದೇನಲ್ಲ.

ಅದೇ ಪಿರನೀಸ್ ಸೀಮೆಯ ಮಾರ್ಸೂಲಾಸ್ ಗುಹೆಯಲ್ಲಿ 1931ರಲ್ಲಿ ಒಂದು ದೊಡ್ಡ ಶಂಖ ಸಿಕ್ಕಿತ್ತು. ನೀರು ಕುಡಿಯುವ ಬಟ್ಟಲಿರಬೇಕೆಂದು ತಿಳಿದು ತೂಲೂಸ್ ನಗರದ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದರು. ಎಂಬತ್ತಕ್ಕೂ ಹೆಚ್ಚು ವರ್ಷ ಅದು ಹಾಗೇ ಕೂತಿತ್ತು. ಈಚೆಗೆ ಯಾರೋ ಗಮನವಿಟ್ಟು ನೋಡಿದಾಗ ತುದಿಯನ್ನು ಬೇಕೆಂದೇ ಒಡೆದು ಸರಿಮಾಡಿದ್ದು ಕಂಡಿತು. ನಮ್ಮಲ್ಲಿ ಯಾವ ಜಂಗಮರನ್ನು, ದಾಸಯ್ಯನನ್ನು ಕೇಳಿದ್ದರೂ ನೋಡಿದೊಡನೆ ಹೇಳುತ್ತಿದ್ದರು, ಊದುವ ಶಂಖಕ್ಕೆ ತುದಿ ತೆಗೆಯಲೇಬೇಕು. ವಾದ್ಯಗಾರರೊಬ್ಬರನ್ನು ಕರೆಸಿ ಊದಿಸಿದರು. ಮೂರು ಸ್ವರ ಹೊರಟವು. 18,000 ವರ್ಷ ಸುಮ್ಮನಿದ್ದ ದನಿ ಅದು. 2021ರಲ್ಲಿ ಈ ಸಂಗತಿ ಪ್ರಕಟವಾಯಿತು, ಅಂತರ್ಜಾಲದಲ್ಲಿ ನೀವೂ ಕೇಳಬಹುದು. ಶಂಖದ ಒಳಗೆ ಬೆರಳಿನಿಂದ ಒತ್ತಿದ ಕೆಂಪು ಚುಕ್ಕೆಗಳಿವೆ. ಅದೇ ಗುಹೆಯ ಗೋಡೆಯ ಮೇಲಿನ ಕಾಡುಕೋಣವೊಂದನ್ನೂ ಅಂಥದೇ ಕೆಂಪು ಚುಕ್ಕೆಗಳಿಂದ ಬರೆದಿದ್ದಾರೆ.

ಹಾಡಿದ್ದಾದರೂ ಯಾಕೆ?

ಇದಕ್ಕೆ ಉತ್ತರಗಳು ಹಲವು. ಮಾತಿಗಿಂತ ಮೊದಲೇ ಹಾಡಿನಂಥದೊಂದು ಇತ್ತು, ಸಂಗಾತಿಯನ್ನು ಒಲಿಸಲು ಹಕ್ಕಿಗಳಂತೆ ನಮ್ಮ ಪೂರ್ವಜರೂ ದನಿ ತೆಗೆಯುತ್ತಿದ್ದರು ಎಂದು ಡಾರ್ವಿನ್ 1871ರಲ್ಲೇ ಬರೆದ. 1997ರಲ್ಲಿ ಸ್ಟೀವನ್ ಪಿಂಕರ್ ಇದಕ್ಕೆ ತೀರ ಎದುರಾದ ಮಾತು ಹೇಳಿದರು: ಸಂಗೀತ ಕಿವಿಗೆ ಒಂದು ಸಿಹಿತಿಂಡಿ, ನಾಲಗೆಗೆ ಹಿತವಾದರೂ ಬದುಕಿಗೆ ಅಗತ್ಯವಿಲ್ಲದ್ದು. ನಮ್ಮ ಅವ್ವನ ಗಾದೆಯ ಇಂಗ್ಲಿಷ್ ರೂಪ ಎನ್ನಬಹುದು.

ಸಂಗೀತ ಗುಂಪನ್ನು ಕಟ್ಟುತ್ತದೆ ಎಂಬುದು ರಾಬಿನ್ ಡನ್‌ಬಾರ್ ಅವರ ವಾದ. ಕೋತಿಗಳು ಒಂದರ ಮೈಯನ್ನು ಇನ್ನೊಂದು ಹೆಕ್ಕಿ ನಂಟು ಉಳಿಸಿಕೊಳ್ಳುತ್ತವೆ. ಒಂದು ಸಲಕ್ಕೆ ಒಬ್ಬರ ಮೈಯನ್ನಷ್ಟೇ ಹೆಕ್ಕಬಹುದು. ಗುಂಪು ದೊಡ್ಡದಾದರೆ ಅದು ಸಾಲದು. ಒಟ್ಟಿಗೆ ಹಾಡಿದರೆ ಇಡೀ ಗುಂಪನ್ನು ಒಂದೇ ಸಲ ಮುಟ್ಟಿದಂತೆ. ಜೊತೆಯಾಗಿ ಹಾಡಿ ಕುಣಿದವರಿಗೆ ನೋವು ತಡೆಯುವ ಶಕ್ತಿ ಸ್ವಲ್ಪ ಹೊತ್ತು ಹೆಚ್ಚುವುದನ್ನು ಅವರ ತಂಡ ಅಳೆದು ತೋರಿಸಿದೆ. ನಾಟಿ ಮಾಡುವ ಹೆಂಗಸರು, ರಾಶಿ ಮಾಡುವ ಗಂಡಸರು ಯಾಕೆ ಹಾಡುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ವಿವರಣೆ ಬೇಡ.

ಇನ್ನು ಕೆಲವರು, ಅವರಲ್ಲಿ ಎಲೆನ್ ದಿಸ್ಸನಾಯಕೆ ಮತ್ತು ಡೀನ್ ಫಾಕ್ ಮುಖ್ಯರು, ತಾಯಿ ಮಗುವಿನ ನಡುವೆ ಇದರ ಬೇರನ್ನು ಹುಡುಕುತ್ತಾರೆ. ಕೋತಿಯ ಮರಿ ತಾಯಿಯ ಕೂದಲು ಹಿಡಿದು ಜೋತಾಡುತ್ತದೆ. ಮನುಷ್ಯರ ಮಗುವಿಗೆ ಅದು ಬಾರದು. ತಾಯಿ ಗೆಡ್ಡೆ ಅಗೆಯಬೇಕಾದರೆ ಮಗುವನ್ನು ನೆಲದ ಮೇಲೆ ಬಿಡಲೇಬೇಕು. ಕೈ ಬಿಟ್ಟರೂ ನಾನಿಲ್ಲೇ ಇದ್ದೇನೆ ಎಂದು ದನಿಯಲ್ಲಿ ಹೇಳಬೇಕು. ಬೇರೆ ದೇಶದ, ಅರ್ಥವೇ ತಿಳಿಯದ ಜೋಗುಳ ಕೇಳಿಸಿದರೂ ಕೂಸುಗಳ ಎದೆಬಡಿತ ನಿಧಾನವಾಗುವುದನ್ನು ಹಾರ್ವರ್ಡ್‌ನ ಸಂಶೋಧಕರು ಕಂಡಿದ್ದಾರೆ. ಅವ್ವನ ತೊಡೆಯ ಮೇಲೆ ಮಲಗಿದ್ದ ನನಗೆ ಈ ವಾದ ಹೆಚ್ಚು ಹಿಡಿಸಿತು. ಅವಳ ಎರಡು ಕೈಯೂ ಕಲ್ಲಿನ ಮೇಲಿರುತ್ತಿದ್ದವು, ನನ್ನನ್ನು ಹಿಡಿದಿದ್ದದ್ದು ದನಿ ಮಾತ್ರ.

ಹಾಡು ನಮ್ಮ ಕುಲದ್ದೇ ಸ್ವತ್ತೇ ಎಂಬ ಪ್ರಶ್ನೆಯೂ ಇದೆ. ಸ್ಲೊವೇನಿಯದ ದಿವ್ಯೆ ಬಾಬೆ ಗುಹೆಯಲ್ಲಿ 1995ರಲ್ಲಿ ತೂತುಗಳಿರುವ ಎಳೆ ಕರಡಿಯ ತೊಡೆಮೂಳೆಯೊಂದು ಸಿಕ್ಕಿತು. ಐವತ್ತು ಸಾವಿರ ವರ್ಷಕ್ಕೂ ಹಳೆಯದು, ನಿಯಾಂಡರ್ತಾಲ್ ಮಾನವರ ಕಾಲದ್ದು. ಅವರ ಕೊಳಲು ಎಂದು ಒಂದು ಪಕ್ಷ, ಯಾವುದೋ ಪ್ರಾಣಿ ಕಚ್ಚಿದ ಹಲ್ಲಿನ ಗುರುತು ಎಂದು ಇನ್ನೊಂದು ಪಕ್ಷ. ಜಗಳ ಇಂದಿಗೂ ಮುಗಿದಿಲ್ಲ.

ನಮ್ಮೂರ ಗುಡ್ಡದ ಗಂಟೆ

ದೆಹಲಿಯ ಕನ್ನಡಿಗರು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಇಟಾರ್ಸಿ ದಾಟಿ ಭೋಪಾಲಕ್ಕೆ ಹೋಗುವಾಗ ಭೀಮ್‌ಬೇಟ್ಕಾ ಗುಡ್ಡಗಳ ಸೀಮೆಯನ್ನು ಹಾದುಹೋಗುತ್ತಾರೆ. 1957ರಲ್ಲಿ ವಿ. ಎಸ್. ವಾಕಣಕರ್ ಅವರು ರೈಲಿನ ಕಿಟಕಿಯಿಂದ ಆ ಬಂಡೆಗಳನ್ನು ನೋಡಿ, ಇಳಿದು ಹುಡುಕಿಕೊಂಡು ಹೋಗಿ ಚಿತ್ರಗಳನ್ನು ಬೆಳಕಿಗೆ ತಂದರು. 2003ರಲ್ಲಿ ಅದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಚಿತ್ರಗಳಲ್ಲಿ ಬೇಟೆಯ ಜೊತೆಗೆ ಕೈಕೈ ಹಿಡಿದು ಕುಣಿಯುವವರೂ ಇದ್ದಾರೆ, ವಾದ್ಯ ಬಾರಿಸುವವರೂ ಇದ್ದಾರೆ.

ನನ್ನ ಮಟ್ಟಿಗೆ ದೊಡ್ಡ ಆಶ್ಚರ್ಯ ಮಾತ್ರ ನಮ್ಮ ಊರಿನ ಪಕ್ಕದಲ್ಲೇ ಇತ್ತು. ಬಳ್ಳಾರಿಯ ಹತ್ತಿರ ಸಂಗನಕಲ್ಲು, ಕಪ್ಪಗಲ್ಲು ಊರುಗಳ ನಡುವೆ ಹಿರೇಗುಡ್ಡವಿದೆ. ಗ್ರಾನೈಟ್ ಗುಡ್ಡದ ಮೇಲೆ ಡಾಲರೈಟ್ ಎಂಬ ಕಪ್ಪು ಕಲ್ಲಿನ ಸಾಲು. ದನ ಕಾಯುವ ಹುಡುಗರ ಜೊತೆ ನಾವು ಹೋದಾಗ ಅಲ್ಲಿನ ಕೆಲವು ಕರಿ ಬಂಡೆಗಳನ್ನು ಕಲ್ಲಿನಿಂದ ಹೊಡೆದರೆ ಠಣ್ ಎನ್ನುತ್ತಿದ್ದವು. ಗುಡಿಯ ಜಾಗಟೆ ಬಾರಿಸಿದ ಹಾಗೆ. ಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳ ಗೀರು ಚಿತ್ರಗಳೂ ಇದ್ದವು. ನಮಗೆ ಅದು ಆಟ.

ಪುಣೆಗೆ ಬಂದು ಎಷ್ಟೋ ವರ್ಷದ ಮೇಲೆ, 2004ರಲ್ಲಿ, ಪತ್ರಿಕೆಯಲ್ಲಿ ಕಪ್ಪಗಲ್ಲಿನ ಹೆಸರು ನೋಡಿ ಬೆಚ್ಚಿದೆ. ಕೇಂಬ್ರಿಜ್‌ನಲ್ಲಿದ್ದ ಪುರಾತತ್ವ ವಿದ್ವಾಂಸೆ ನಿಕೋಲ್ ಬೊಯ್ವಿನ್ ಆ ಬಂಡೆಗಳ ಬಗ್ಗೆ ಬರೆದಿದ್ದರು. ಆ ಚಿತ್ರಗಳ ಬಗ್ಗೆ ಫ್ರೆಡ್ ಫಾಸೆಟ್ ಎಂಬ ಇಂಗ್ಲಿಷ್ ಅಧಿಕಾರಿ 1892ರಲ್ಲೇ ಲೇಖನ ಪ್ರಕಟಿಸಿದ್ದರಂತೆ. ಬೊಯ್ವಿನ್ ಹೇಳುವಂತೆ, ನಾದ ಕೊಡುವ ಕಲ್ಲುಗಳ ಮೇಲೆ ಹೊಡೆದು ಹೊಡೆದು ಬಿದ್ದ ಗುಳಿಗಳಿವೆ, ಚಿತ್ರಗಳಲ್ಲಿ ಕೆಲವಾದರೂ ನವಶಿಲಾಯುಗದವು. ಅಂದರೆ ಸುಮಾರು 5,000 ವರ್ಷ ಹಿಂದೆ ಶುರುವಾದ ಕಾಲ. ಹೋಲೆ ಫೆಲ್ಸ್ ಕೊಳಲಿನ ಮುಂದೆ ಇದು ನಿನ್ನೆ ಮೊನ್ನೆಯದು. ಆದರೂ ಚಿತ್ರ ಮತ್ತು ನಾದ ಇಲ್ಲೂ ಒಂದೇ ಬಂಡೆಸಾಲಿನ ಮೇಲಿವೆ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನಲ್ಲೂ, ಶಿಲಾಸಮಾಧಿಗಳ ನಡುವೆ, ಬಡಿದರೆ ನಗಾರಿಯಂತೆ ಮೊಳಗುವ ದೊಡ್ಡ ಗುಂಡುಕಲ್ಲೊಂದಿದೆ.

ಸಂಗನಕಲ್ಲಿಗೂ ಪುಣೆಗೂ ಹಳೆಯ ನಂಟು. ನಮ್ಮ ಯೆರವಡೆಯ ಡೆಕ್ಕನ್ ಕಾಲೇಜಿನಿಂದ ಬಿ. ಸುಬ್ಬರಾವ್ 1940ರ ದಶಕದಲ್ಲಿ ಅಲ್ಲಿ ಅಗೆದರು. 1964–65ರಲ್ಲಿ ಝಡ್. ಡಿ. ಅನ್ಸಾರಿ ಮತ್ತು ನಮ್ಮ ಎಂ. ಎಸ್. ನಾಗರಾಜರಾವ್ ಮತ್ತೆ ಅಗೆದರು. ನಾನು ಎಷ್ಟೋ ವರ್ಷ ಆ ಕಾಲೇಜಿನ ಮುಂದೆಯೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನನ್ನೂರಿನ ಕಲ್ಲುಗಳನ್ನು ಓದಿದವರು ಆ ಗೇಟಿನೊಳಗೆ ಇದ್ದರು ಎಂಬುದು ಗೊತ್ತಿರಲಿಲ್ಲ.

ಈಚಿನ ಸಂಶೋಧನೆಯಿಂದ ಹಿರೇಗುಡ್ಡ ಕಲ್ಲಿನ ಕೊಡಲಿ ತಯಾರಿಸುವ ದೊಡ್ಡ ಕೇಂದ್ರವಾಗಿತ್ತು ಎಂದು ತಿಳಿದಿದೆ. ಕೊಡಲಿಗೆ ಬಳಸಿದ್ದು ಅದೇ ಡಾಲರೈಟ್. ಅಲ್ಲಿನ ಜನ ದನ ಸಾಕುತ್ತಿದ್ದರು, ಕೊರಲೆ, ಹುರಳಿ, ಹೆಸರು ಬೆಳೆದು ಉಣ್ಣುತ್ತಿದ್ದರು. ಬಂಡೆಗಳ ಮೇಲೆ ಕೊಡಲಿ ಉಜ್ಜಿ ಉಜ್ಜಿ ಸವೆದ ಗುಳಿಗಳು ಇಂದಿಗೂ ಕಾಣುತ್ತವೆ.

ಇಲ್ಲಿ ನನ್ನದೊಂದು ಊಹೆ. ಟೂಲ್ ರೂಮಿನಲ್ಲಿ ಹೊಸ ಗ್ರೈಂಡಿಂಗ್ ವೀಲ್ ಬಂದರೆ ಮೆಷಿನ್ನಿಗೆ ಹಾಕುವ ಮುಂಚೆ ಅದನ್ನು ಬೆರಳಲ್ಲಿ ತೂಗುಹಾಕಿ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಟ್ಟಿ ನೋಡಬೇಕು. ಠಣ್ ಎಂದರೆ ಸರಿ. ಡಬ್ ಎಂದರೆ ಒಳಗೆ ಬಿರುಕಿದೆ, ತಿರುಗುವಾಗ ಸಿಡಿದು ಜೀವ ತೆಗೆಯುತ್ತದೆ. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವುದೂ ಹೀಗೆಯೇ. ಕೊಡಲಿಗೆ ಕಲ್ಲು ಆರಿಸುತ್ತಿದ್ದ ಹಿರೇಗುಡ್ಡದ ಕೆಲಸಗಾರನೂ ಬಂಡೆ ತಟ್ಟಿ ನೋಡಿರಲೇಬೇಕು. ಒಳ್ಳೆಯ ಕಲ್ಲು ಹಾಡಿರಬೇಕು. ಅವನು ಇನ್ನೊಮ್ಮೆ ತಟ್ಟಿರಬೇಕು, ಈ ಸಲ ಕೊಡಲಿಗಾಗಿ ಅಲ್ಲ. ಇದಕ್ಕೆ ಪುರಾವೆ ಇಲ್ಲ. ಆದರೆ ಮೂವತ್ತೆರಡು ವರ್ಷ ವೀಲ್ ತಟ್ಟಿದ ನನಗೆ ಆ ಎರಡನೇ ತಟ್ಟು ಗೊತ್ತು.

ಅದೇ ಗುಡ್ಡದಲ್ಲಿ ಕಲ್ಲು ಒಡೆಯುವ ಕ್ವಾರಿ ಕೆಲಸ ಚಿತ್ರಗಳ ಹತ್ತಿರಕ್ಕೂ ಬಂದಿತ್ತು, ಒಂದಿಷ್ಟು ಭಾಗ ಹೋಗಿಯೇಬಿಟ್ಟಿದೆ ಎಂದು ಬೊಯ್ವಿನ್ ಆಗಲೇ ಎಚ್ಚರಿಸಿದ್ದರು. ಚಿತ್ರ ಹೋದರೆ ಫೋಟೋ ಆದರೂ ಇರುತ್ತದೆ. ಬಂಡೆಯ ನಾದ ಆ ಬಂಡೆಯಲ್ಲೇ, ಅದು ನೆಲದ ಮೇಲೆ ಕೂತ ರೀತಿಯಲ್ಲೇ ಇದೆ. ಜಾಗ ಬದಲಿಸಿ ಮ್ಯೂಸಿಯಮ್ಮಿನಲ್ಲಿ ಇಟ್ಟರೂ ಅದು ಬರುವುದಿಲ್ಲ.

ಕೈ ತಿರುಗಿದರೆ

ಹೊಸ ಮನೆಗೆ ಬಂದ ಮೇಲೆ ಊರಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೀಗ ಎಂಬತ್ತು ಸಮೀಪಿಸುತ್ತಿದೆ. ಅವ್ವನ ಬೀಸುವ ಪದ ಒಂದಾದರೂ ನೆನಪಿದೆಯೇ ಎಂದು ಕೇಳಿದೆ.

"ತಮ್ಮಾ, ಸುಮ್ನೆ ಕುಂತು ಹಾಡು ಅಂದ್ರೆ ಎಲ್ಲಿಂದ ಬರ್ತೈತಪ್ಪಾ? ಕೈ ತಿರುಗಬೇಕು" ಅಂದಳು.

ಸಂಕ್ರಾಂತಿಗೆ ಅವಳನ್ನು ಪುಣೆಗೆ ಕರೆಸಿಕೊಂಡೆವು. ಬಾಲ್ಕನಿಯಲ್ಲಿ ಚಾಪೆ ಹಾಸಿ ಕಲ್ಲಿನ ಮುಂದೆ ಕೂರಿಸಿದೆವು. ಗೂಟ ಸಡಿಲವಾಗಿತ್ತು, ಬಟ್ಟೆ ಸುತ್ತಿ ಬಿಗಿ ಮಾಡಿಕೊಟ್ಟೆ. ಅವಳು ಒಂದು ಹಿಡಿ ಜೋಳ ಹಾಕಿ ತಿರುಗಿಸಿದಳು. ಮೊದಲು ನಾಲ್ಕಾರು ಸುತ್ತು ಏನೂ ಇಲ್ಲ. ಆಮೇಲೆ ಗಂಟಲಲ್ಲಿ ರಾಗ ಬಂತು, ಪದಗಳಿಲ್ಲದ ರಾಗ. ಇನ್ನೂ ಸ್ವಲ್ಪ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಪದ ತೇಲಿ ಬಂದವು. ಕೈ ನಿಲ್ಲಿಸಿ "ಮುಂದೇನು" ಎಂದು ಯೋಚಿಸಿದರೆ ಹೋಗುತ್ತಿತ್ತು, ತಿರುಗಿಸಿದರೆ ಬರುತ್ತಿತ್ತು. ಪೂರ್ತಿ ಹಾಡು ಬರಲಿಲ್ಲ. ಬಂದಷ್ಟನ್ನು ಮೊಮ್ಮಗಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದಳು. ಆ ಮೇಲೆ ತಾನೂ ಗೂಟ ಹಿಡಿದು ಎರಡು ಸುತ್ತು ತಿರುಗಿಸಿ, ಅಕ್ಕನ ರಾಗವನ್ನೇ ಗುನುಗಿದಳು. ಅವಳಿಗೆ ಕನ್ನಡ ಅರ್ಧಂಬರ್ಧ ಬರುತ್ತದೆ. ರಾಗ ತಪ್ಪಲಿಲ್ಲ.

ಅಂದು ನನಗೆ ಅವ್ವನ ಗಾದೆಗೆ ಉತ್ತರ ಸಿಕ್ಕಿತು. ಅವಳ ಕಲ್ಲಿನಲ್ಲಿ ಹಿಟ್ಟು ಮೊದಲು, ಹಾಡು ಆಮೇಲೆ ಎಂದೇನೂ ಇರಲಿಲ್ಲ. ಎರಡೂ ಒಂದೇ ತಿರುಗಿನಲ್ಲಿ ಬರುತ್ತಿದ್ದವು. ಹಾಡಿಲ್ಲದಿದ್ದರೆ ಆ ನಸುಕಿನಲ್ಲಿ ಅಷ್ಟು ಜೋಳ ಬೀಸಲು ಅವಳ ಕೈಗೆ ಆಗುತ್ತಿರಲಿಲ್ಲ. ಬ್ಲಾಂಬೋಸಿನ ಅರೆಯುವ ಕಲ್ಲಿನಿಂದ ಹಿರೇಗುಡ್ಡದ ಕೊಡಲಿ ಕಲ್ಲಿನವರೆಗೆ ಮನುಷ್ಯರು ಬದುಕಿದ್ದು ಹೀಗೆಯೇ ಇರಬೇಕು.

ಪುಣೆಯಲ್ಲೇ ಹೇಮಾ ರಾಯಿರಕರ್ ಮತ್ತು ಗೀ ಪ್ವಾತವೆಂ ಎಂಬಿಬ್ಬರು ಮಹಾರಾಷ್ಟ್ರದ ಹಳ್ಳಿಹಳ್ಳಿ ತಿರುಗಿ ಮರಾಠಿ ಹೆಂಗಸರ ಬೀಸುವ ಪದಗಳನ್ನು ಒಂದು ಲಕ್ಷಕ್ಕೂ ಮೀರಿ ಕೂಡಿಹಾಕಿದರು. ನಮ್ಮಲ್ಲಿ ಹಲಸಂಗಿ ಗೆಳೆಯರು 'ಗರತಿಯ ಹಾಡು' ತಂದರು. ಅಷ್ಟು ದೊಡ್ಡ ಕೆಲಸ ನಮ್ಮಿಂದ ಆಗದು. ಆದರೆ ಮುಂಬಯಿಯಲ್ಲೋ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ನಿಮ್ಮ ಮನೆಯಲ್ಲಿ ಒಬ್ಬ ಅಜ್ಜಿ, ಒಬ್ಬ ದೊಡ್ಡವ್ವ ಇದ್ದರೆ, ಹಾಡು ಎಂದು ಕೇಳಬೇಡಿ. ಬೀಸುವ ಕಲ್ಲೋ, ಮೊರವೋ, ತೊಟ್ಟಿಲ ಹಗ್ಗವೋ ಕೈಗೆ ಕೊಡಿ. ಮೊಬೈಲನ್ನು ಪಕ್ಕದಲ್ಲಿಟ್ಟು ಗುಂಡಿ ಒತ್ತಿ.